ಹಿಮದ ಲೆಕ್ಕವೂ ನಮ್ಮ ಮಳೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಧನುರ್ಮಾಸದ ಮುಂಜಾವಿನಲ್ಲಿ ಗಡಾಯಿಕಲ್ಲಿನ ನೆತ್ತಿ ಮಂಜಿನಲ್ಲಿ ಮುಳುಗಿರುತ್ತದೆ. ಚಾರ್ಮಾಡಿಯ ಘಾಟಿಯಲ್ಲಿ ಹತ್ತು ಮಾರು ಮುಂದಿನ ದಾರಿ ಕಾಣಿಸುವುದಿಲ್ಲ. ನೇತ್ರಾವತಿಯ ಮೇಲೆ ಬಿಳಿಯ ಹೊಗೆಯಂತೆ ಏನೋ ಎದ್ದಿರುತ್ತದೆ. ತುಳುವಿನಲ್ಲಿ ನಾವು ಅದನ್ನು ಮೈಂದ್ ಎನ್ನುತ್ತೇವೆ. ಹೊತ್ತೇರಿದರೆ ಅದೂ ಇಲ್ಲ. ಸುಮಾರು 1900 ಮೀಟರು ಎತ್ತರದ ಕುದುರೆಮುಖದ ಮೇಲೂ ಹಿಮ ನಿಲ್ಲುವುದಿಲ್ಲ. ಹೀಗಿರುವಾಗ ಹಿಮದ ವಿಷಯವಾಗಿ ಮಾತನಾಡುವೆನೆಂದರೆ, ಈ ಮಾಸ್ತರರಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ನೀವು ಕೇಳಬಹುದು.

ಹಿಮವನ್ನು ಕಾಣದವರು ಅದರ ಹೆಸರನ್ನು ಮಾತ್ರ ಧಾರಾಳವಾಗಿ ಬಳಸಿದ್ದೇವೆ. ಹಿಮ, ತುಹಿನ, ತುಷಾರ, ನೀಹಾರ ಎಂದು ನಾನು ಪಂಡಿತ ಪರೀಕ್ಷೆಗೆ ಕುಳಿತಾಗ ಬಾಯಿಪಾಠ ಮಾಡಿದ್ದೆ. ಅಮರಕೋಶವು ಇಬ್ಬನಿ, ಮಂಜು, ಹಿಮ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂಡಿಸಿಟ್ಟಿದೆ. ಕನ್ನಡದಲ್ಲಿಯೂ ಕಾಶ್ಮೀರದಲ್ಲಿ ಬೀಳುವುದು ಮಂಜು, ನಮ್ಮ ಅಂಗಳದ ಹುಲ್ಲಿನ ಮೇಲೆ ಕೂರುವುದೂ ಮಂಜು. ಶಬ್ದ ಒಂದೇ ಆದುದರಿಂದ ವಸ್ತುವೂ ಒಂದೇ ಎಂದು ಮಕ್ಕಳು ತಿಳಿಯುತ್ತಾರೆ. ಹಿಮವೆಂದರೆ ಆಕಾಶದಲ್ಲಿಯೇ ಆವಿ ಹರಳುಗಟ್ಟಿ ನೆಲಕ್ಕೆ ಬಿದ್ದು ರಾಶಿಯಾಗುವಂಥದು. ಮಂಜು ನೆಲದ ಹತ್ತಿರದಲ್ಲಿ ತೇಲುವ ನೀರಿನ ಹನಿಗಳ ಮೋಡ. ಇಬ್ಬನಿ ತಣ್ಣಗಾದ ಎಲೆಯ ಮೇಲೆ ಕಟ್ಟುವ ನೀರು. ಇಷ್ಟನ್ನು ಹೇಳಿಕೊಡುವುದು ಭಾಷೆಯ ಮಾಸ್ತರನ ಕೆಲಸವೇ.

ಆದರೆ ನಾನು ಹಿಮದ ವಿಚಾರಕ್ಕೆ ಬಂದದ್ದು ಶಬ್ದಕೋಶದ ದಾರಿಯಿಂದಲ್ಲ. ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ.

2019ನೆಯ ಇಸವಿಯಲ್ಲಿ ನಾನು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ತಡವಾಗಿ, ಜೂನ್ 8ಕ್ಕೆ. ಜೂನ್ ತಿಂಗಳಿನಲ್ಲಿ ಇಡೀ ದೇಶದ ಮಳೆ ವಾಡಿಕೆಗಿಂತ ನೂರಕ್ಕೆ 33ರಷ್ಟು ಕಡಿಮೆಯಾಯಿತು. ಪತ್ರಿಕೆಯಲ್ಲಿ ಅದನ್ನೋದಿ, ಜುಲೈಯಲ್ಲಿ ಒಂದು ದಿನ ತರಗತಿಯಲ್ಲಿ, “ಈ ವರ್ಷ ಮಳೆ ಕೈಕೊಟ್ಟಂತೆಯೇ ಸರಿ” ಎಂದು ನಾನು ಮಕ್ಕಳ ಮುಂದೆ ತೀರ್ಪು ಕೊಟ್ಟೆ. ಮಾಸ್ತರರು ಹೇಳಿದ ಮೇಲೆ ಅದು ನಿಜವಿರಲೇಬೇಕಲ್ಲವೇ?

ಆಗಸ್ಟ್ 9ರಂದು ಪಶ್ಚಿಮ ಘಟ್ಟದ ಬುಡದ ಹಳ್ಳಿಗಳಲ್ಲಿ ನಡೆದದ್ದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲುಗಳ ಕಡೆಯಲ್ಲಿ ಗುಡ್ಡ ಜರಿದು, ಹಳ್ಳಗಳು ಮರಗಳನ್ನು ಬುಡಸಮೇತ ಹೊತ್ತು ತಂದುವು. ಆ ಮರಗಳು ಸೇತುವೆಗಳ ಕಂಬಗಳಿಗೆ ಅಡ್ಡಬಿದ್ದು ನೀರು ದಾರಿ ತಪ್ಪಿತು. ಮೃತ್ಯುಂಜಯಾ ನದಿಯ ದಂಡೆಯ ತೋಟಗಳಲ್ಲಿ ನೀರು ಇಳಿದ ಮೇಲೆ ನೋಡಿದರೆ ಮಣ್ಣಿಲ್ಲ, ಬರೀ ಹೊಯಿಗೆ ಮತ್ತು ಕಲ್ಲು. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ ಅಪಾಯದ ಮಟ್ಟವಾದ ಎಂಟೂವರೆ ಮೀಟರನ್ನು ದಾಟಿ ಪೇಟೆಗೆ ನುಗ್ಗಿದಳು. ಹಿರಿಯರು 1974ರ ನೆರೆಯನ್ನು ನೆನೆದರು. ಅವರ ಹಿರಿಯರು 1923ರ ‘ಮಾರಿ ಬೊಳ್ಳ’ದ ಕತೆ ಹೇಳುತ್ತಿದ್ದರು.

ಶಾಲೆ ಮತ್ತೆ ತೆರೆದಾಗ ಒಬ್ಬ ಹುಡುಗ ಪುಸ್ತಕವಿಲ್ಲದೆ ಬಂದ. ಅವರ ತೋಟದ ಮುಕ್ಕಾಲು ಪಾಲು ಹೋಗಿತ್ತು. ಹಟ್ಟಿಯಲ್ಲಿ ಒಂದು ದನವೂ ಉಳಿದಿರಲಿಲ್ಲ. ಅವನು ಕೋಪದಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ: “ಸರ್, ಮಳೆ ಕಡಿಮೆ ಎಂದು ನೀವು ಹೇಳಿದ್ದಿರಲ್ಲ? ಅಪ್ಪನಿಗೂ ನಾನು ಹಾಗೆಯೇ ಹೇಳಿದ್ದೆ.”

ನನಗೆ ಉತ್ತರ ಹೊಳೆಯಲಿಲ್ಲ. ಆ ವರ್ಷದ ಸೆಪ್ಟೆಂಬರ್ ಮುಗಿದಾಗ ಹವಾಮಾನ ಇಲಾಖೆಯ ಲೆಕ್ಕದಲ್ಲಿ ದೇಶದ ಮಳೆ ವಾಡಿಕೆಯ ನೂರಕ್ಕೆ 110 ಎಂದಾಗಿತ್ತು. ಏಪ್ರಿಲಿನಲ್ಲಿ ಇಲಾಖೆ ಹೇಳಿದ್ದು 96. ಹಾಗಾದರೆ ಈ ಭವಿಷ್ಯವೆಲ್ಲ ಹುಸಿಯೇ? ಇದನ್ನು ಹೇಗೆ ಮಾಡುತ್ತಾರೆ? ಯಾರು ಮೊದಲು ಮಾಡಿದರು? ಹುಡುಕುತ್ತಾ ಹೋದಾಗ ದಾರಿ ನನ್ನನ್ನು ನೇತ್ರಾವತಿಯ ದಂಡೆಯಿಂದ ಹಿಮಾಲಯದ ಹಿಮಕ್ಕೆ ಕೊಂಡೊಯ್ದಿತು.

1876ರಿಂದ 78ರವರೆಗೆ ದಕ್ಷಿಣ ಭಾರತವನ್ನು, ನಮ್ಮ ಮೈಸೂರು ಸೀಮೆಯನ್ನೂ, ಒಂದು ಘೋರ ಕ್ಷಾಮ ತಿಂದುಹಾಕಿತು. ಅದಕ್ಕೆ ಸ್ವಲ್ಪ ಮುಂಚೆ, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಹುಟ್ಟಿತ್ತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಮಳೆ ತಪ್ಪುವುದನ್ನು ಮುಂಚಿತವಾಗಿ ತಿಳಿಯಲು ಸಾಧ್ಯವೇ ಎಂದು ಆಳುವವರು ಅವನನ್ನು ಕೇಳಿದರು. ಅವನು ಹಳೆಯ ದಾಖಲೆಗಳನ್ನು ತಿರುವಿಹಾಕಿ ಒಂದು ಸಂಗತಿಯನ್ನು ಗಮನಿಸಿದ. ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದು ಬಹುಕಾಲ ಉಳಿದ ವರ್ಷ, ಅದರ ಮುಂದಿನ ಮುಂಗಾರು ಸೊರಗುತ್ತದೆ. ಹಿಮ ಕಡಿಮೆಯಾದರೆ ಮಳೆ ಚೆನ್ನಾಗಿರುತ್ತದೆ. 1884ರಲ್ಲಿ ಅವನು ಇದನ್ನು ಪ್ರಕಟಿಸಿದ. ಅದಕ್ಕೆ ಮುಂಚೆಯೇ 1882ರಿಂದ ಪ್ರಯೋಗಕ್ಕೆಂದು ಭವಿಷ್ಯ ಹೇಳಲಾರಂಭಿಸಿ, 1886ರ ಜೂನ್ 4ರಂದು ಇಡೀ ಭಾರತಕ್ಕೂ ಬರ್ಮಾಕ್ಕೂ ಕ್ರಮಪ್ರಕಾರವಾದ ಮೊದಲ ಋತು ಮುನ್ಸೂಚನೆಯನ್ನು ಹೊರಡಿಸಿದ. ಎಲ್ಲಿಯ ಹಿಮಾಲಯದ ಮಾಘಮಾಸದ ಹಿಮ, ಎಲ್ಲಿಯ ನಮ್ಮ ಕಾರ್ತೆಲಿನ ಮಳೆ!

ಇದರ ಹಿಂದಿರುವ ನ್ಯಾಯ ಸರಳವಾದದ್ದು. ಬೇಸಗೆಯಲ್ಲಿ ಏಷ್ಯದ ನೆಲ ಕಾಯಬೇಕು; ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಬೇಕು; ಆಗ ತಂಪಾದ ಸಮುದ್ರದ ಮೇಲಿನ ನೀರ್ಗಾಳಿ ಆ ಜಾಗವನ್ನು ತುಂಬಲು ಓಡಿ ಬರುತ್ತದೆ. ಅಡುಗೆಮನೆಯ ಒಲೆ ಉರಿದರೆ ಬಾಗಿಲಿನಿಂದ ಗಾಳಿ ಒಳಕ್ಕೆ ಎಳೆಯುವುದಿಲ್ಲವೇ, ಹಾಗೆ. ನೆಲದ ಮೇಲೆ ಹಿಮದ ಹಾಸು ದಪ್ಪನಾಗಿದ್ದರೆ ಅದು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುತ್ತದೆ. ಉಳಿದ ಬಿಸಿಲು ಹಿಮವನ್ನು ಕರಗಿಸುವುದಕ್ಕೇ ವೆಚ್ಚವಾಗುತ್ತದೆ. ಕರಗಿದ ಮೇಲೂ ನೆಲ ಒದ್ದೆ. ಒದ್ದೆ ಸೌದೆಯಂತೆ ಅದು ಬೇಗ ಕಾಯುವುದಿಲ್ಲ. ಒಲೆ ಹೊತ್ತುವುದೇ ತಡವಾದರೆ ಗಾಳಿಯ ಸೆಳೆತವೂ ಸಪ್ಪೆ.

ಇಲ್ಲಿ ನಮ್ಮ ಪ್ರಾಚೀನರ ಮಾತೊಂದನ್ನು ಹೇಳದಿದ್ದರೆ ಪಂಡಿತನ ನಾಲಿಗೆ ಸುಮ್ಮನಿರುವುದಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ‘ಗರ್ಭಲಕ್ಷಣ’ವೆಂಬ ಅಧ್ಯಾಯವನ್ನೇ ಬರೆದಿದ್ದಾನೆ. ಮೇಘವು ಮಾರ್ಗಶಿರದಿಂದ ಮೊದಲಾದ ತಿಂಗಳುಗಳಲ್ಲಿ ಗರ್ಭ ಧರಿಸಿ 195 ದಿನಗಳ ಮೇಲೆ ಮಳೆಯಾಗಿ ಹೆರುತ್ತದೆ ಎಂಬುದು ಅವನ ಮತ. ಚಳಿಗಾಲದ ಆಕಾಶವನ್ನು ನೋಡಿ ಮಳೆಗಾಲವನ್ನು ಹೇಳುವ ಕ್ರಮ ಇದು. ಆ ಗರ್ಭ ಚೆನ್ನಾಗಿರಬೇಕಾದರೆ ಮಾರ್ಗಶಿರದಲ್ಲಿ ಚಳಿ ಅತಿಯಾಗಿರಬಾರದು, ಪುಷ್ಯದಲ್ಲಿ ಹಿಮ ಅತಿಯಾಗಿ ಬೀಳಬಾರದು ಎಂದು ಅವನು ಹೇಳುತ್ತಾನೆ. ಬ್ಲಾನ್‌ಫರ್ಡನ ಮಾತಿಗೂ ಇದಕ್ಕೂ ಮೇಲುನೋಟಕ್ಕೆ ಎಷ್ಟು ಹೋಲಿಕೆ! ಕನ್ನಡದಲ್ಲಿಯೂ ಈ ಶಾಸ್ತ್ರ ಬೆಳೆಯಿತು. ಸುಮಾರು 1300ರಲ್ಲಿದ್ದ ಜೈನಕವಿ ರಟ್ಟಕವಿ ‘ರಟ್ಟಮತ’ದಲ್ಲಿ ಮಳೆ, ಸಿಡಿಲು, ಭೂಕಂಪ, ಶಕುನಗಳ ಲಕ್ಷಣಗಳನ್ನು ಹೇಳಿದ್ದಾನೆ.

ಆದರೆ ಹೋಲಿಕೆಯನ್ನು ಕಂಡು, ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಕೈಕಟ್ಟಿ ಕೂರುವುದು ಸರಿಯಲ್ಲ. ವರಾಹಮಿಹಿರನಿಗೂ ಬ್ಲಾನ್‌ಫರ್ಡನಿಗೂ ಒಂದು ಭೇದವುಂಟು. ಎರಡನೆಯವನು ತನ್ನ ಮಾತನ್ನು ಅಂಕೆಯಲ್ಲಿಟ್ಟು ವರ್ಷವರ್ಷವೂ ಒರೆಗೆ ಹಚ್ಚಿದ. ತಪ್ಪಿದರೆ ತಪ್ಪೆಂದು ಎಲ್ಲರಿಗೂ ಕಾಣುವಂತೆ ಬರೆದಿಟ್ಟ. ಒರೆಗಲ್ಲಿಗೆ ಸಿಕ್ಕಿದ ಮೇಲೆ ಚಿನ್ನದ ಬಣ್ಣ ತಿಳಿಯಲೇಬೇಕು. 1899ರಲ್ಲಿ ಅವನ ನಂತರ ಬಂದ ಜಾನ್ ಎಲಿಯಟ್ ಒಳ್ಳೆಯ ಮಳೆಯಾಗುವುದೆಂದು ಹೇಳಿದ. ಆ ವರ್ಷ ಬಂದದ್ದು ರಾಜಸ್ಥಾನ, ಗುಜರಾತುಗಳವರು ಇಂದಿಗೂ ‘ಛಪ್ಪನ’ದ ಬರವೆಂದು ನೆನೆಯುವ ಮಹಾಕ್ಷಾಮ. ಹಿಮವೊಂದನ್ನೇ ನಂಬಿದರೆ ಸಾಲದೆಂಬುದು ಸ್ಪಷ್ಟವಾಯಿತು.

1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞ. ಇಪ್ಪತ್ತು ವರ್ಷ ಅವನು ಜಗತ್ತಿನ ನಾನಾ ಊರುಗಳ ಗಾಳಿಯೊತ್ತಡ, ಮಳೆ, ಉಷ್ಣತೆಗಳ ಅಂಕೆಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿದ. ಹಿಮಾಲಯದ ಹಿಮವನ್ನು ಬಿಡಲಿಲ್ಲ. ಆದರೆ ಅದರ ಜೊತೆಗೆ ಇತರ ದೇಶಗಳ ಲಕ್ಷಣಗಳನ್ನೂ ಸೇರಿಸಿ ಸಮೀಕರಣ ಕಟ್ಟಿದ. ಆ ಹುಡುಕಾಟದಲ್ಲಿಯೇ ಶಾಂತಸಾಗರದ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುವ ತಕ್ಕಡಿಯಾಟ ಅವನ ಕಣ್ಣಿಗೆ ಬಿತ್ತು. ಇಂದು ನಾವು ಪತ್ರಿಕೆಗಳಲ್ಲಿ ಓದುವ ಎಲ್ ನಿನೋ ಎಂಬುದು ಆ ತಕ್ಕಡಿಯ ಸಂಬಂಧಿಯೇ.

ಮುಂದೆಯೂ ಎಡವಿದ್ದುಂಟು. 2002ರಲ್ಲಿ ಇಲಾಖೆ ಹೇಳಿದ್ದು ನೂರಕ್ಕೆ 101; ಬಿದ್ದದ್ದು 81. ಅದರಿಂದ ಪಾಠ ಕಲಿತು ಸೂತ್ರಗಳನ್ನು ಬದಲಿಸಿದರು. ಈಗ ಸಮುದ್ರವನ್ನೂ ವಾಯುಮಂಡಲವನ್ನೂ ಒಟ್ಟಿಗೆ ಲೆಕ್ಕ ಹಾಕುವ ಹಲವು ಗಣಕ ಮಾದರಿಗಳನ್ನು ಕೂಡಿಸಿ ಭವಿಷ್ಯ ಹೇಳುತ್ತಾರೆ. ಬ್ಲಾನ್‌ಫರ್ಡನ ಹಿಮವನ್ನೂ ಮರೆತಿಲ್ಲ. ಉಪಗ್ರಹಗಳು ಯುರೋಪು, ಏಷ್ಯಗಳ ಮೇಲೆ ಹಾಸಿದ ಹಿಮವನ್ನು ಅಳೆಯುತ್ತವೆ. 2025ರ ಏಪ್ರಿಲಿನಲ್ಲಿ ಇಲಾಖೆ ಆ ಹಿಮದ ಹರಹು ವಾಡಿಕೆಗಿಂತ ಕಡಿಮೆಯಿದೆಯೆಂದು ತಿಳಿಸಿ, ಮಳೆ ನೂರಕ್ಕೆ 105 ಎಂದು ಹೇಳಿತು. ಆ ವರ್ಷ ಮುಂಗಾರು ಮೇ 24ರಂದೇ, ನಮ್ಮ ಪತ್ತನಾಜೆಯ ಹೊತ್ತಿಗೆ, ಕೇರಳವನ್ನು ಮುಟ್ಟಿತು. ಕೊನೆಗೆ ಬಿದ್ದದ್ದು 108.

ಹಿಮದ ಮುನ್ಸೂಚನೆ ಹಿಮದ ನಾಡಿನಲ್ಲಿಯೇ ಪ್ರಾಣದ ಪ್ರಶ್ನೆ ಎಂಬುದನ್ನು ಕನ್ನಡಿಗರು ಒಮ್ಮೆ ಬಹು ನೋವಿನಿಂದ ಅರಿತರು. 2016ರ ಫೆಬ್ರುವರಿ 3ರಂದು ಸಿಯಾಚಿನ್ ನೀರ್ಗಲ್ಲಿನ ಮೇಲೆ ಹಿಮರಾಶಿ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಸಹಿತ ಸಿಕ್ಕಿದರು. ಫೆಬ್ರುವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಊರುಗಳ ಗುಡಿ, ಮಸೀದಿ, ಇಗರ್ಜಿಗಳಲ್ಲಿ ಪ್ರಾರ್ಥನೆ ಮಾಡಿದವರು ಹಿಮವನ್ನು ಕಂಡವರಲ್ಲ. ಎಷ್ಟು ಹಿಮ ಬೀಳುವುದು ಎಂಬುದಕ್ಕಿಂತ, ಯಾವ ಇಳಿಜಾರಿನಲ್ಲಿ ಯಾವ ಹೊತ್ತಿಗೆ ಅದು ಜಾರುವುದು ಎಂಬುದೇ ಅಲ್ಲಿಯ ಕಠಿಣ ಪ್ರಶ್ನೆ.

ಓದುಗರೇ, ಇಲ್ಲಿ ನಾನು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಮರಳುತ್ತೇನೆ. ಅವರ ಇಳಿಜಾರಿನ ಪ್ರಶ್ನೆಯೇ ನಮ್ಮ ಇಳಿಜಾರಿನ ಪ್ರಶ್ನೆಯೂ ಆಗಿದೆ. ಹಿಮಾಲಯದ ಹಿಮವಾಗಲಿ, ಶಾಂತಸಾಗರದ ತಕ್ಕಡಿಯಾಗಲಿ ಹೇಳಬಲ್ಲದ್ದು ಇಡೀ ದೇಶದ ನಾಲ್ಕು ತಿಂಗಳುಗಳ ಮೊತ್ತವನ್ನು. ಆ ಮೊತ್ತದ ವಾಡಿಕೆ ಸುಮಾರು 87 ಸೆಂಟಿಮೀಟರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಮೀಟರು ಮಳೆ ಬೀಳುತ್ತದೆ. ದೇಶದ ಲೆಕ್ಕದಲ್ಲಿ ರಾಜಸ್ಥಾನದ ಮರಳೂ ಉಂಟು, ಚಿರಾಪುಂಜಿಯ ಬೆಟ್ಟವೂ ಉಂಟು. ಆ ಸರಾಸರಿಯಿಂದ ಚಾರ್ಮಾಡಿಯ ಹಳ್ಳವನ್ನು ಅಳೆಯುವುದೆಂದರೆ, ಊರಿನವರೆಲ್ಲರ ಸರಾಸರಿ ಎತ್ತರ ನೋಡಿ ಒಬ್ಬನಿಗೆ ಅಂಗಿ ಹೊಲಿಸಿದಂತೆ. ಇಡೀ ಋತುವಿನ ಮಳೆ ಕಡಿಮೆಯಾದರೂ ಒಂದೇ ಸಂಜೆಯಲ್ಲಿ ಒಂದು ಗುಡ್ಡ ಜರಿಯಬಹುದು. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುವಾಗ ತನ್ನ ನೀರನ್ನೆಲ್ಲ ಎದುರು ಸಿಕ್ಕಿದ ಇಳಿಜಾರಿಗೇ ಸುರಿಯುತ್ತದೆ. ಹತ್ತು ಮೈಲು ಆಚೆ ಬರೀ ತುಂತುರು. ನನ್ನ ತಪ್ಪು ಅಲ್ಲಿತ್ತು. ಪತ್ರಿಕೆ ಸುಳ್ಳು ಬರೆದಿರಲಿಲ್ಲ. ದೇಶದ ಮಾತನ್ನು ನಾನು ಹಳ್ಳಿಯ ಮಾತಾಗಿ, ಆಗಿಹೋದ ಜೂನಿನ ಲೆಕ್ಕವನ್ನು ಬರಲಿರುವ ಆಗಸ್ಟಿನ ಭವಿಷ್ಯವಾಗಿ ಹೇಳಿಬಿಟ್ಟಿದ್ದೆ.

ಆದುದರಿಂದ ಮುನ್ಸೂಚನೆಯನ್ನು ಕೇಳುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಾನು ಈಗ ಮಕ್ಕಳಿಗೆ ಹೇಳುತ್ತೇನೆ. ಎಷ್ಟು ನೆಲಕ್ಕೆ ಹೇಳಿದ್ದು? ಎಷ್ಟು ದಿನಕ್ಕೆ ಹೇಳಿದ್ದು? ಎಷ್ಟು ನಿಶ್ಚಯದಿಂದ ಹೇಳಿದ್ದು?

ಏಪ್ರಿಲಿನ ಋತು ಮುನ್ಸೂಚನೆ ಸರಕಾರಕ್ಕೆ ಬೇಕು. ಅಣೆಕಟ್ಟಿನ ನೀರು, ಧಾನ್ಯದ ದಾಸ್ತಾನು, ವಿದ್ಯುತ್ತು ಇವುಗಳ ಯೋಜನೆಗೆ ಬೇಕು. ನಮ್ಮ ಅಡಿಕೆ ಬೆಳೆಗಾರನಿಗೆ ಅದರಿಂದ ಆಗುವುದು ಕಡಿಮೆ. ಅವನಿಗೆ ಬೇಕಾದುದು ನಾಲ್ಕೈದು ದಿನಗಳ ಮುನ್ಸೂಚನೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕಾದರೆ ಮಳೆಯ ನಡುವೆ ಎರಡು ಹೊಳವಿನ ದಿನ ಸಿಗಬೇಕು. ಬಿಟ್ಟ ಮದ್ದು ಗೊನೆಯಲ್ಲಿ ಒಣಗುವ ಮೊದಲೇ ಮಳೆ ಬಂದರೆ ಸುಣ್ಣವೂ ತುತ್ತವೂ ಆಳಿನ ಕೂಲಿಯೂ ತೋಡಿಗೆ ಹೋದಂತೆ. ಚಳಿಗಾಲದಲ್ಲಿ ಅಂಗಳದ ತುಂಬ ಅಡಿಕೆ ಹರಡಿರುವಾಗ ಬಂಗಾಳಕೊಲ್ಲಿಯಲ್ಲೆಲ್ಲೋ ಎದ್ದ ಗಾಳಿ ಇಲ್ಲಿಗೂ ಮೋಡ ತರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಉಳಿಕೆ, ಡಿಸೆಂಬರಿನ ಮೊದಲ ದಿನಗಳಲ್ಲಿ ನಮ್ಮ ಕರಾವಳಿಯನ್ನು ತೋಯಿಸಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ಮುನ್ನೆಚ್ಚರಿಕೆ ಇತ್ತು. ಕೇಳಿದವರು ಅಡಿಕೆ ರಾಶಿ ಮಾಡಿ ಮುಚ್ಚಿದರು.

ಇನ್ನು ನದಿಯ ದಂಡೆಯವರಿಗೂ ಗುಡ್ಡದ ಬುಡದವರಿಗೂ ಬೇಕಾದುದು ಮುಂದಿನ ಕೆಲವು ಗಂಟೆಗಳ ಎಚ್ಚರಿಕೆ. ಹವಾಮಾನ ಇಲಾಖೆ ಜಿಲ್ಲೆಗೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣಗಳಲ್ಲಿ ಎಚ್ಚರ ಹೇಳುತ್ತದೆ. ದಿನವೊಂದಕ್ಕೆ 64.5 ಮಿಲಿಮೀಟರಿನಿಂದ ಮೇಲೆ ಭಾರೀ ಮಳೆ, 115.6ರಿಂದ ಮೇಲೆ ಅತಿ ಭಾರೀ, 204.4ನ್ನು ದಾಟಿದರೆ ಅತ್ಯಂತ ಭಾರೀ. ‘ಭಾರೀ ಮಳೆ’ ಎಂಬುದು ಬಾಯಿಮಾತಿನ ಉತ್ಪ್ರೇಕ್ಷೆಯಲ್ಲ, ಅಳತೆಯುಳ್ಳ ಶಬ್ದ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತುಗಳಲ್ಲಿ ತಾವಾಗಿಯೇ ವರದಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ‘ವರುಣಮಿತ್ರ’ವೆಂಬ ಅದರ ದೂರವಾಣಿ ಸೇವೆಯನ್ನು ರೈತರು ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಹತ್ತಾರು ವರ್ಷಗಳ ಮಳೆಯನ್ನು ದಿನದಿನವೂ ತಮ್ಮ ಮನೆಯಂಗಳದಲ್ಲಿ ಅಳೆದು ಬರೆದಿಟ್ಟ ಕೃಷಿಕರೂ ಇದ್ದಾರೆ. ಅಂಥವರ ಒಂದು ಹಳೆಯ ಪುಸ್ತಕ, ಈ ತೋಟಕ್ಕೆ ಸಂಬಂಧಿಸಿದಂತೆ, ದಿಲ್ಲಿಯ ಸರಾಸರಿಗಿಂತ ಹೆಚ್ಚು ಮಾತನಾಡುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೀವು ನೋಡಿದ್ದೀರಿ. 1430ರಲ್ಲಿ ಆರಂಭವಾದ ಆ ಕಟ್ಟಡದ ಇಳಿಜಾರಾದ ಅಂತಸ್ತುಗಳ ಮಾಡನ್ನು ಕಂಡು, ಹತ್ತೊಂಬತ್ತನೆಯ ಶತಮಾನದಲ್ಲಿ ಶಿಲ್ಪಚರಿತ್ರೆ ಬರೆದ ಜೇಮ್ಸ್ ಫರ್ಗುಸನ್, ಇದು ನೇಪಾಳದ ಕಟ್ಟಡಗಳನ್ನು ಹೋಲುತ್ತದಲ್ಲ ಎಂದು ಅಚ್ಚರಿಪಟ್ಟನು. ಹಿಮ ಬೀಳುವ ಮಲೆನಾಡಿನವನು ಹಿಮ ಜಾರಿಹೋಗಲೆಂದು ಮಾಡನ್ನು ಇಳಿಜಾರು ಮಾಡುತ್ತಾನೆ; ನಮ್ಮವನು ಮಳೆ ಜಾರಿಹೋಗಲೆಂದು. ಮಳೆ ಈ ವರ್ಷ 96ವೋ 110ವೋ ಎಂದು ಬಸದಿ ಕಟ್ಟಿದವರು ಕೇಳಲಿಲ್ಲ. ಬಂದೇ ಬರುವುದೆಂದು ತಿಳಿದು ಕಟ್ಟಿದರು. ಅದರಿಂದಲೇ ಅದು ಆರು ಶತಮಾನಗಳ ಆಟಿಯನ್ನು ದಾಟಿ ನಿಂತಿದೆ. ಮುನ್ಸೂಚನೆ ಎಷ್ಟು ಬೆಳೆದರೂ ತೋಡಿನ ಹೂಳೆತ್ತುವ, ಗುಡ್ಡದ ಮರ ಉಳಿಸುವ, ಹೊಳೆಯ ದಾರಿ ಬಿಟ್ಟು ಮನೆ ಕಟ್ಟುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ.

ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಹೋದ. ಹೋಗುವ ಮೊದಲು ಒಂದು ಜೂನಿನಲ್ಲಿ, ಬಾಯಗಲದ ಒಂದು ಡಬ್ಬಿಗೆ ಅಳತೆಯ ಗೀಟು ಎಳೆದು ಶಾಲೆಯ ಅಂಗಳದಲ್ಲಿ ಇಟ್ಟಿದ್ದ. ದಿನವೂ ಬೆಳಗ್ಗೆ ಎಂಟೂವರೆಗೆ, ಸರಕಾರಿ ಮಳೆಮಾಪಕಗಳನ್ನು ಓದುವ ಹೊತ್ತಿಗೇ, ಮಕ್ಕಳು ಅದರ ನೀರನ್ನು ಅಳೆದು ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ಈ ವರ್ಷ ಮಳೆ ಹೇಗೆ ಎಂದು ಯಾರಾದರೂ ಕೇಳಿದರೆ ನಾನೀಗ ತೀರ್ಪು ಕೊಡುವುದಿಲ್ಲ. ಯಾವ ಊರಿನ ಮಳೆ, ಯಾವ ದಿನದ ಮಳೆ ಎಂದು ತಿರುಗಿ ಕೇಳುತ್ತೇನೆ.